ವಾಟ್ಸಾಪಿನ ಕಳ್ಳ, ಬೀದಿಯ ಕಳ್ಳ: ಕಾರಿನಲ್ಲಿ ಕೋವಿ ಇಡುವವರಿಗೊಂದು ಮಾರ್ಗದರ್ಶಿ

ಒಂದು ಮಂಗಳವಾರ ಬೆಳಗಿನ ಜಾವ ನಮ್ಮ ಬೀದಿಯಲ್ಲಿ ಒಂದು ಪಿಸ್ತೂಲು ಕಳವಾಯಿತು. ಶನಿವಾರದ ಹೊತ್ತಿಗೆ ಅದೇ ಸುದ್ದಿ ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗನ ಫೋನಿನಿಂದ ನನಗೇ ವಾಪಸ್ ಬಂತು. ಅಷ್ಟರಲ್ಲಿ ಗುರುತೇ ಸಿಗದಷ್ಟು ಉಬ್ಬಿಕೊಂಡಿತ್ತು.

ನಾವಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಊರಿನ ಉತ್ತರಕ್ಕಿರುವ ಒಂದು ಬಡಾವಣೆಯಲ್ಲಿ. ಕಳವಾಗಿದ್ದು ಪಕ್ಕದ ಮನೆಯ ಅಜ್ಜನ ಪಿಕಪ್ ಟ್ರಕ್ಕಿನಿಂದ. ನಮ್ಮ ಬಾಗಿಲ ಕ್ಯಾಮೆರಾದಲ್ಲಿ ಎಲ್ಲ ಸೆರೆಯಾಗಿದೆ. ಹೊತ್ತು ಮೂರು ಮುಕ್ಕಾಲಿನ ಆಸುಪಾಸು. ತಲೆಗೆ ಹುಡ್ ಎಳೆದುಕೊಂಡ ಒಬ್ಬ ಹುಡುಗ ನಡೆದು ಬರುತ್ತಾನೆ. ಅವಸರವೇ ಇಲ್ಲ. ನನ್ನ ಕಾರಿನ ಬಾಗಿಲ ಹಿಡಿಕೆ ಎಳೆಯುತ್ತಾನೆ. ಬರಲಿಲ್ಲ. ಎದುರು ಮನೆಯ ವ್ಯಾನಿನದು ಎಳೆಯುತ್ತಾನೆ. ಅದೂ ಬರಲಿಲ್ಲ. ಅಜ್ಜನ ಟ್ರಕ್ಕಿನದು ಎಳೆದ ಕೂಡಲೇ ಬಾಗಿಲು ತೆರೆದುಕೊಳ್ಳುತ್ತದೆ, ಒಳಗಿನ ದೀಪ ಹತ್ತುತ್ತದೆ. ಒಂದು ನಿಮಿಷವೂ ಆಗುವುದಿಲ್ಲ, ಹೊರಬಂದು ಮುಂದಿನ ಕಾರಿನ ಕಡೆ ಹೋಗುತ್ತಾನೆ. ಗಾಜು ಒಡೆಯಲಿಲ್ಲ, ಬೀಗ ಮುರಿಯಲಿಲ್ಲ. ಬೀದಿಯ ಒಂದು ನಾಯಿಯೂ ಬೊಗಳಲಿಲ್ಲ.

ಶನಿವಾರ ಬಂದ ಸಂದೇಶದ ಸಾರ ಹೀಗಿತ್ತು. ಟೆಕ್ಸಸ್‌ನಲ್ಲಿ ಒಂದು ದೊಡ್ಡ ಗ್ಯಾಂಗ್ ಇದೆ. ಅವರು ಶೂಟಿಂಗ್ ರೇಂಜ್, ಗನ್ ಶೋಗಳ ಪಾರ್ಕಿಂಗ್‌ನಲ್ಲಿ ಕೂತು ನಂಬರ್ ಪ್ಲೇಟ್ ಬರೆದುಕೊಳ್ಳುತ್ತಾರೆ. ಬಂಪರ್ ಕೆಳಗೆ ಏರ್‌ಟ್ಯಾಗ್ (ಎಲ್ಲಿದೆ ಅಂತ ಫೋನಿಗೆ ತಿಳಿಸುವ ಪುಟ್ಟ ಬಿಲ್ಲೆ) ಅಂಟಿಸಿ ಮನೆವರೆಗೆ ಹಿಂಬಾಲಿಸುತ್ತಾರೆ. ಪೊಲೀಸರೇ ಎಚ್ಚರಿಕೆ ಕೊಟ್ಟಿದ್ದಾರೆ, ಎಲ್ಲ ಕನ್ನಡಿಗರಿಗೂ ಕಳಿಸಿ. ಕೊನೆಗೆ ಕೈಮುಗಿದ ನಾಲ್ಕು ಚಿತ್ರ, ಜೊತೆಗೆ ನಮ್ಮ ಬಾಗಿಲ ಕ್ಯಾಮೆರಾದ ಒಂದು ಮಸುಕಾದ ಫೋಟೊ! ಬೀದಿಯ ಗುಂಪಿಗೆ ನಾನೇ ಹಾಕಿದ್ದು.

ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ ಅಂತ ಮನೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಊರು ನಮ್ಮದು. ಆಗ ನಷ್ಟವಾಗಿದ್ದು ಸ್ವಲ್ಪ ಸುಣ್ಣ, ಸ್ವಲ್ಪ ನಿದ್ದೆ. ಕೋವಿ ವಿಷಯದ ಗಾಳಿಸುದ್ದಿ ಅಷ್ಟು ಸಾಧುವಲ್ಲ. ಇಲ್ಲದ ಗ್ಯಾಂಗಿಗೆ ಹೆದರಿದ ಜನ ಕಾರಿನಲ್ಲಿ ಇನ್ನೊಂದು ಪಿಸ್ತೂಲು ಇಟ್ಟುಕೊಳ್ಳುತ್ತಾರೆ. ಹಿಡಿಕೆ ಎಳೆಯುವ ಹುಡುಗನಿಗೆ ಬೇಕಾಗಿರುವುದೂ ಅದೇ.

ಮೊದಲು: ಇದು ನಿಮಗೆ ಸಂಬಂಧಿಸಿದ್ದಾ?

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಎಚ್1ಬಿ, ಎಚ್4, ಎಫ್1 ಅಂಥ ತಾತ್ಕಾಲಿಕ ವೀಸಾದವರು ಬಹಳ ಮಂದಿ ಇದ್ದಾರೆ. ಅವರು ಈ ಒಂದು ಭಾಗವನ್ನಾದರೂ ಗಮನವಿಟ್ಟು ಓದಬೇಕು. ತಾತ್ಕಾಲಿಕ ವೀಸಾದ ಮೇಲೆ ಬಂದವರು ಕೋವಿ ಅಥವಾ ಗುಂಡು ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ತಡೆಯುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವಂಥ ಕೆಲವೇ ವಿನಾಯಿತಿಗಳಿವೆ. ತಪ್ಪಿದರೆ 15 ವರ್ಷದವರೆಗೆ ಸೆರೆವಾಸ ಆಗಬಹುದು, ವೀಸಾ ಕಥೆಯೂ ಮುಗಿಯುತ್ತದೆ. 'ಟೆಕ್ಸಸ್‌ನಲ್ಲಿ ಲೈಸೆನ್ಸೇ ಬೇಡ' ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಹೊರಡಬೇಡಿ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ ಲೈಸೆನ್ಸ್ ಇಲ್ಲದೆ ಪಿಸ್ತೂಲು ಒಯ್ಯಬಹುದು, ನಿಜ. ಆದರೆ ಅದು ಕಾನೂನಿನ ಪ್ರಕಾರ ಕೋವಿ ಇಟ್ಟುಕೊಳ್ಳಲು ಅರ್ಹರಾದವರಿಗೆ. ಗೆಳೆಯನ ಕೋವಿಯನ್ನು 'ಸ್ವಲ್ಪ ಹೊತ್ತು ನಿನ್ನ ಕಾರಲ್ಲಿರಲಿ' ಅಂತ ಇಟ್ಟುಕೊಂಡರೂ ಪೇಚಾಟಕ್ಕೆ ಸಿಕ್ಕಿಕೊಳ್ಳುತ್ತೀರಿ.

ಗ್ರೀನ್ ಕಾರ್ಡ್ ಇದ್ದವರು, ಪೌರತ್ವ ಪಡೆದವರು ಮುಂದೆ ಓದಿ. ಕೋವಿ ಇಲ್ಲದವರೂ ಓದಬಹುದು. ಸಂದೇಶ ನಿಮ್ಮ ಗುಂಪಿಗೂ ಬಂದೇ ಬರುತ್ತದೆ.

ಸಂದೇಶ ಬಂದ ಕೂಡಲೇ

ಬೆರಳು ಫಾರ್ವರ್ಡ್ ಬಟನ್ ಕಡೆ ಹೋಗುವ ಮೊದಲು ಕಳಿಸಿದವರಿಗೆ ಮೂರು ಪ್ರಶ್ನೆ ಕೇಳಿ. ಯಾವ ಊರು? ಯಾವತ್ತು? ಯಾರ ಗಾಡಿ? ಮೂರಕ್ಕೂ ಉತ್ತರ ಇದ್ದರೆ ಅದು ಸುದ್ದಿಯಾಗಿರಬಹುದು. 'ನಮ್ಮ ಭಾವನ ಸಹೋದ್ಯೋಗಿ ಹೇಳಿದ್ದು' ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ನನ್ನ ಚಿಕ್ಕಪ್ಪನ ಮಗನಿಗೂ ಹೀಗೇ ಕೇಳಿದೆ. 'ಎಡಿಸನ್‌ನಲ್ಲಿ ನಮ್ಮ ಕ್ರಿಕೆಟ್ ಗುಂಪಿನಲ್ಲಿ ಬಂತು ಕಣೋ, ನೀನು ಅಲ್ಲೇ ಇದ್ದೀಯಲ್ಲ, ಹುಷಾರಾಗಿರು ಅಂತ ಕಳಿಸಿದೆ' ಅಂದ. ಪ್ರೀತಿಯಿಂದಲೇ ಕಳಿಸಿದ್ದ. ಗಾಳಿಸುದ್ದಿ ಓಡುವುದು ಕೆಟ್ಟವರಿಂದಲ್ಲ, ಹೀಗೆ ಕಾಳಜಿ ಇರುವವರಿಂದಲೇ. ಹಾಗಾಗಿ ಕಳಿಸಿದವರಿಗೆ ಎಲ್ಲರೆದುರು ಛೀಮಾರಿ ಹಾಕಬೇಡಿ. ಬೇರೆಯಾಗಿ ಮಾತಾಡಿ.

ಆಮೇಲೆ ಹತ್ತು ನಿಮಿಷ ಹುಡುಕಿ. ನಿಮ್ಮ ಊರಿನ ಪೊಲೀಸ್ ಇಲಾಖೆಯ ಪುಟ ತೆರೆದು ನೋಡಿ. ನಿಜವಾಗಿ ಎಚ್ಚರಿಕೆ ಕೊಟ್ಟಿದ್ದರೆ ದಿನಾಂಕದ ಸಮೇತ ಅಲ್ಲಿ ಇರುತ್ತದೆ. ಬಹಳಷ್ಟು ಇಲಾಖೆಗಳು ಯಾವ ಬೀದಿಯಲ್ಲಿ ಯಾವ ಅಪರಾಧ ನಡೆಯಿತು ಅಂತ ನಕ್ಷೆಯಲ್ಲೂ ತೋರಿಸುತ್ತವೆ. ಅಲ್ಲಿ 'ವಾಹನದಿಂದ ಕಳವು' ಅನ್ನುವುದನ್ನು ಆರಿಸಿ ನಿಮ್ಮ ಬಡಾವಣೆ ನೋಡಿ. ಅದೂ ಇಲ್ಲದಿದ್ದರೆ ತುರ್ತಲ್ಲದ ವಿಚಾರಣೆಗೆ ಇರುವ ನಂಬರಿಗೆ ಫೋನ್ ಮಾಡಿ. 911ಕ್ಕೆ ಮಾಡಬೇಡಿ. ನಾನು ಫೋನ್ ಮಾಡಿದಾಗ ಎತ್ತಿದ ಹೆಂಗಸು ನನ್ನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡಳು. ಹಾಗೊಂದು ಎಚ್ಚರಿಕೆ ಅವರ ಇಲಾಖೆಯಿಂದ ಹೋಗಿಲ್ಲ ಅಂದಳು. ಕೊನೆಗೆ ಅವಳೇ ಒಂದು ಪ್ರಶ್ನೆ ಕೇಳಿದಳು: ನಿಮ್ಮ ಕಾರಿಗೆ ಬೀಗ ಹಾಕಿದ್ದೀರಾ?

ಫೋಟೊ ಇದ್ದರೆ ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಬೇರೆ ಊರಿನದ್ದೋ ಹಳೆಯದ್ದೋ ಆಗಿದ್ದರೆ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ. 'ಹೆಡ್‌ಲೈಟ್ ಹಾಕದ ಕಾರಿಗೆ ಸಿಗ್ನಲ್ ಕೊಡಬೇಡಿ, ಗ್ಯಾಂಗಿನವರು ಹಿಂಬಾಲಿಸಿ ಕೊಲ್ಲುತ್ತಾರೆ' ಅನ್ನುವ ಸುದ್ದಿ ಈ ದೇಶದಲ್ಲಿ 1993ರಲ್ಲಿ ಫ್ಯಾಕ್ಸ್ ಯಂತ್ರದ ಮೂಲಕ ಓಡಿತ್ತು. ಆಮೇಲೆ ಇಮೇಲಿಗೆ ಹತ್ತಿತು, ಈಗಲೂ ಫೋನಿನಲ್ಲಿ ತಿರುಗುತ್ತಿದೆ. ನಮ್ಮ ಗ್ಯಾಂಗೂ ಅದೇ ಮನೆತನದ್ದು: ಗಾಡಿ, ಅಪರಿಚಿತರು, ಗುಟ್ಟಿನ ಗುರುತು.

ಇಂಥದ್ದನ್ನು ಹಗುರವಾಗಿ ತಗೊಳ್ಳಬೇಡಿ ಅನ್ನಲು ನಮ್ಮ ಕಡೆಯದ್ದೇ ಕಾರಣವಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದಕ್ಕೆ, ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳ ಎಂದು ಜನ ಹೊಡೆದು ಕೊಂದರು. ಅಲ್ಲಿ ಜನರ ಕೈಯಲ್ಲಿದ್ದದ್ದು ಕಲ್ಲು, ಕೋಲು. ಇಲ್ಲಿ ಹೆದರಿದವರ ಸೊಂಟದಲ್ಲೇ ಪಿಸ್ತೂಲಿರುತ್ತದೆ. ಪಾರ್ಕಿಂಗ್‌ನಲ್ಲಿ ಸುಮ್ನೆ ಫೋನ್ ನೋಡುತ್ತಾ ಕೂತವನನ್ನು ಗ್ಯಾಂಗಿನವನು ಅಂದುಕೊಂಡರೆ ಏನಾದೀತು, ಯೋಚಿಸಿ.

ಜೊಳ್ಳು ಹಾರಿಸಿ, ಕಾಳು ಉಳಿಸಿ

ಹಾಗಂತ ಸಂದೇಶ ಪೂರ್ತಿ ಸುಳ್ಳು ಅಂತ ಅಳಿಸಿ ಮಲಗುವುದೂ ತಪ್ಪು. ಮೊರದಲ್ಲಿ ಹಾಕಿ ಕೇರಿದರೆ ಒಂದಿಷ್ಟು ಕಾಳು ಉಳಿಯುತ್ತದೆ.

ಕಾರಿನಿಂದ ಕೋವಿ ಕಳವಾಗುವುದು ಅಮೆರಿಕದಲ್ಲಿ ನಿಜಕ್ಕೂ ದೊಡ್ಡ ಸಮಸ್ಯೆ. 2017ರಿಂದ 2021ರವರೆಗಿನ ಐದು ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ಕೋವಿಗಳು ಖಾಸಗಿ ವ್ಯಕ್ತಿಗಳಿಂದ ಕಳವಾದ ಬಗ್ಗೆ ದೂರುಗಳಿವೆ. ಇದು ಕೋವಿಗಳ ಉಸ್ತುವಾರಿ ನೋಡುವ ಕೇಂದ್ರ ಸಂಸ್ಥೆ ಎಟಿಎಫ್‌ನ ಲೆಕ್ಕ. ಎವ್ರಿಟೌನ್ ಎಂಬ ಸಂಸ್ಥೆ ಎಫ್‌ಬಿಐಗೆ ನಗರಗಳು ಕೊಟ್ಟ ಮಾಹಿತಿಯನ್ನು ಜರಡಿ ಹಿಡಿದಿದೆ. ಅದರ ಪ್ರಕಾರ 2022ರಲ್ಲಿ ಕಳವಾದ ಕೋವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾರುಗಳಿಂದ ಹೋದವು. ಹತ್ತು ವರ್ಷ ಮೊದಲು ಇದು ಕಾಲು ಭಾಗದಷ್ಟಿತ್ತು. ಎವ್ರಿಟೌನ್ ಕೋವಿ ನಿಯಂತ್ರಣದ ಪರವಾಗಿರುವ ಸಂಸ್ಥೆ, ಆ ಮಾತು ಕೇಳಿದರೇ ಮುಖ ಗಂಟಿಕ್ಕುವ ಗೆಳೆಯರು ನನಗಿದ್ದಾರೆ. ಆದರೆ ದೂರು ದಾಖಲಿಸಿಕೊಂಡದ್ದು ಪೊಲೀಸರು, ಅಲ್ವಾ?

ಅದೇ ಲೆಕ್ಕದಲ್ಲಿ ಇನ್ನೊಂದು ಮಾತಿದೆ. ಇಂಥ ಕಳವು ಎಲ್ಲಿ ನಡೆಯುತ್ತದೆ ಅಂತ ನೋಡಿದರೆ ಮನೆಯ ಮುಂದಿನ ಡ್ರೈವ್‌ವೇ ಮೊದಲ ಸಾಲಿನಲ್ಲಿದೆ. ಪಾರ್ಕಿಂಗ್ ಜಾಗಗಳು ಅದರ ಹಿಂದೆ. ಅಂದರೆ ಕಳ್ಳ ನಿಮ್ಮನ್ನು ರೇಂಜಿನಿಂದ ಹಿಂಬಾಲಿಸಿಕೊಂಡು ಬರಬೇಕಾಗಿಲ್ಲ. ನಿಮ್ಮ ಬೀದಿಯಲ್ಲಿ ಹಿಡಿಕೆ ಎಳೆಯುತ್ತಾ ಬಂದರೆ ಸಾಕು. ಮೂವತ್ತು ಕಾರು ಎಳೆದರೆ ಒಂದೆರಡು ತೆರೆದೇ ಇರುತ್ತವೆ.

ಗನ್ ಶೋ ವಿಷಯದಲ್ಲೂ ಒಂದು ಕಾಳು ಇದೆ. ಅಂಥ ಕಡೆ ಗುಂಡು ತುಂಬಿದ ಕೋವಿಯನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಮಾರಲು ತಂದ ಕೋವಿಗೂ ಬಾಗಿಲಲ್ಲೇ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಹಾಗಾಗಿ ಸೊಂಟದಲ್ಲಿದ್ದದ್ದನ್ನು ಜನ ಕಾರಿನಲ್ಲೇ ಬಿಟ್ಟು ಹೋಗುತ್ತಾರೆ. ಕೋರ್ಟು, ಕ್ರೀಡಾಂಗಣ, ಆಸ್ಪತ್ರೆ, ಜಿಮ್ ಹತ್ತಿರವೂ ಇದೇ ಕಥೆ. ಗ್ಯಾಂಗ್ ಇರಲಿ ಬಿಡಲಿ, ಆ ಪಾರ್ಕಿಂಗ್‌ನಲ್ಲಿ ಕೋವಿಗಳಿವೆ ಅಂತ ಯಾರು ಬೇಕಾದರೂ ಊಹಿಸಬಹುದು.

ಏರ್‌ಟ್ಯಾಗ್ ಬಗ್ಗೆ ಚಿಂತೆ ಇದ್ದರೆ ಅದನ್ನು ನೋಡುವುದು ಸುಲಭ. ನಿಮ್ಮದಲ್ಲದ ಏರ್‌ಟ್ಯಾಗ್ ನಿಮ್ಮ ಜೊತೆಗೇ ಓಡಾಡುತ್ತಿದ್ದರೆ ಐಫೋನ್ ತಾನೇ ಹೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಸುರಕ್ಷತೆಯ ವಿಭಾಗದಲ್ಲಿ ಅಪರಿಚಿತ ಟ್ರ್ಯಾಕರ್ ಹುಡುಕುವ ಆಯ್ಕೆ ಇದೆ. ಸಿಕ್ಕಿದರೆ ಎಸೆಯಬೇಡಿ. ಫೋಟೊ ತೆಗೆದು, ಏರ್‌ಟ್ಯಾಗಿನ ಬಿಳಿ ಬದಿಗೆ ಫೋನಿನ ಮೇಲ್ತುದಿ ತಾಗಿಸಿ. ಅದರ ಸೀರಿಯಲ್ ನಂಬರ್ ಕಾಣುತ್ತದೆ. ಅದನ್ನು ಪೊಲೀಸರಿಗೆ ಕೊಡಿ. ನಾನೂ ಶನಿವಾರ ರಾತ್ರಿ ಟಾರ್ಚ್ ಹಿಡಿದು ಬಂಪರ್ ಕೆಳಗೆ ಬಗ್ಗಿ ನೋಡಿದೆ. ಸಿಕ್ಕಿದ್ದು ಒಣ ಕೆಸರು ಮತ್ತು ಒಂದು ಸೊಂಟ ನೋವು.

ಕಾರನ್ನು ಕಳ್ಳನ ಕಣ್ಣಲ್ಲಿ ನೋಡಿ

ಒಂದು ಸಂಜೆ ಕಾರಿನಿಂದ ಇಳಿದು, ಬೀಗ ಹಾಕಿ, ಸುತ್ತ ಒಂದು ಸುತ್ತು ಬನ್ನಿ. ಗಾಜಿಗೆ ಹಣೆ ಹಚ್ಚಿ ಒಳಗೆ ನೋಡಿ. ಏನೇನು ಕಾಣುತ್ತದೆ? ಅಜ್ಜನ ಟ್ರಕ್ಕಿನ ಹಿಂದಿನ ಗಾಜಿನ ಮೇಲೆ ಎರಡು ಕೋವಿ ಕಂಪನಿಗಳ ಸ್ಟಿಕರ್ ಇದ್ದವು. ಒಳಗೆ ಸೀಟಿನ ಮೇಲೆ ಖಾಲಿ ಗುಂಡಿನ ಡಬ್ಬಿ. ಆ ಹುಡುಗ ಸ್ಟಿಕರ್ ನೋಡಿಯೇ ಬಂದ ಅನ್ನಲಾರೆ. ಅವನು ಎಲ್ಲರ ಕಾರೂ ಎಳೆಯುತ್ತಿದ್ದ. ಆದರೂ ನನ್ನ ಕೇಳಿದರೆ ಸ್ಟಿಕರ್ ಕಿತ್ತುಬಿಡಿ. ಹೇರ್ ಡ್ರೈಯರ್‌ನಿಂದ ಎರಡು ನಿಮಿಷ ಬಿಸಿ ಮಾಡಿದರೆ ಸಲೀಸಾಗಿ ಬರುತ್ತದೆ. ಇಲ್ಲೊಂದು ಕೋವಿ ಇರಬಹುದು ಅಂತ ದಾರಿಹೋಕರಿಗೆಲ್ಲ ಬೋರ್ಡು ಹಾಕಿ ಹೇಳಬೇಕಾ?

ರೇಂಜಿನ ರಸೀದಿ, ಕಿವಿಗೆ ಹಾಕುವ ಮಫ್, ಖಾಲಿ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಇವೆಲ್ಲ ಡಿಕ್ಕಿಗೆ ಹೋಗಲಿ. ಗ್ಯಾರೇಜ್ ತೆರೆಯುವ ರಿಮೋಟ್ ಮನೆಯೊಳಗೆ ಬರಲಿ. ಇದನ್ನು ಬಹಳ ಜನ ಮರೆಯುತ್ತಾರೆ. ಕಾರು ಪಾರ್ಕಿಂಗ್‌ನಲ್ಲಿ ಕಳವಾದರೆ ಡ್ಯಾಶ್‌ಬೋರ್ಡಿನ ಡ್ರಾನಲ್ಲಿರುವ ಕಾಗದದಲ್ಲಿ ನಿಮ್ಮ ಮನೆ ವಿಳಾಸ ಇರುತ್ತದೆ, ರಿಮೋಟ್ ಬಾಗಿಲು ತೆರೆಯುತ್ತದೆ. ಹಿಂಬಾಲಿಸುವ ಗ್ಯಾಂಗ್ ಬೇಕೇ ಇಲ್ಲ.

ಇನ್ನು ಮುಖ್ಯ ಮಾತು. ಆ ಡ್ರಾ, ಎರಡು ಸೀಟಿನ ನಡುವಿನ ಕನ್ಸೋಲ್, ಸೀಟಿನ ಕೆಳಗೆ, ಬಾಗಿಲ ಪಕ್ಕದ ಜೇಬು. ಈ ನಾಲ್ಕು ಜಾಗ ಅಡಗಿಸುವ ಜಾಗಗಳಲ್ಲ. ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿಗೆ. ಡ್ರಾಗೆ ಇರುವ ಪುಟ್ಟ ಬೀಗ ಸ್ಕ್ರೂಡ್ರೈವರಿಗೆ ಬಗ್ಗುತ್ತದೆ.

ರಾತ್ರಿ ಕೋವಿ ಕಾರಿನಲ್ಲಿ ಮಲಗಬಾರದು. ಇದಕ್ಕೆ ವಿನಾಯಿತಿ ಬೇಡ. ಬೀಗ ಹಾಕಿದ ಕಾರಾದರೂ, ಕ್ಯಾಮೆರಾ ಇದ್ದರೂ. ನಮ್ಮ ಕ್ಯಾಮೆರಾ ಆ ಹುಡುಗನ ಸಿನಿಮಾ ತೆಗೆಯಿತೇ ಹೊರತು ಅವನನ್ನು ತಡೆಯಲಿಲ್ಲ.

ಇಲ್ಲಿ ನನ್ನ ಕೊಡಗಿನ ಗೆಳೆಯನ ಮಾತು ಹೇಳಬೇಕು. ಅವನ ಮನೆಯಲ್ಲಿ ಕೋವಿ ಅಂದರೆ ದೇವರ ಲೆಕ್ಕ. ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕಕ್ಕೆ, ಅಂದರೆ ಕೋವಿಗೆ, ಹೂವಿಟ್ಟು ಪೂಜೆ ಮಾಡುತ್ತಾರೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಭಾರತ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. ಅಂಥ ಮನೆಯಿಂದ ಬಂದವನು ಇಲ್ಲಿನ ಕಾರುಗಳನ್ನು ನೋಡಿ ಒಂದು ದಿನ ಹೇಳಿದ: 'ಅಲ್ಲ ಮಾರಾಯ, ನಮ್ಮ ಅಜ್ಜ ಕೋವಿನ ಅಂಗಳದಲ್ಲಿ ಬಿಟ್ಟು ಒಳಗೆ ಬಂದದ್ದು ನಾನು ನೋಡಿಯೇ ಇಲ್ಲ. ಇಲ್ಲಿಯವರು ಛತ್ರಿ ಬಿಟ್ಟ ಹಾಗೆ ಬಿಡ್ತಾರಲ್ಲ!'

ಬಿಡಲೇಬೇಕಾಗಿ ಬಂದರೆ

ಹಗಲು ಹೊತ್ತಿನಲ್ಲಿ ಕೆಲವು ಸಲ ಬೇರೆ ದಾರಿ ಇರುವುದಿಲ್ಲ. ಒಳಗೆ ಕೋವಿ ಒಯ್ಯಬಾರದ ಜಾಗಕ್ಕೆ ಹೋಗಬೇಕಾಗುತ್ತದೆ. ನನ್ನ ಮೊದಲ ಸಲಹೆ, ಅಂಥ ದಿನ ಮನೆಯಲ್ಲೇ ಬಿಟ್ಟು ಹೊರಡಿ. ಆಗದು ಅನ್ನುವವರು ಬೀಗದ ಪೆಟ್ಟಿಗೆ ತಗೊಳ್ಳಿ.

ಉಕ್ಕಿನ ತಗಡಿನ ಪುಟ್ಟ ಪೆಟ್ಟಿಗೆ, ಜೊತೆಗೆ ಹೆಣೆದ ಉಕ್ಕಿನ ಕೇಬಲ್. ಮೂವತ್ತು–ಐವತ್ತು ಡಾಲರಿಗೆ ಸಿಗುತ್ತದೆ. ಕೇಬಲ್‌ನ ಒಂದು ತುದಿಯ ಕುಣಿಕೆಯನ್ನು ಸೀಟಿನ ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಸುತ್ತಿ ಬಿಗಿಯಿರಿ. ಇನ್ನೊಂದು ತುದಿಯ ಗುಂಡಿಯನ್ನು ಪೆಟ್ಟಿಗೆಯ ಅಂಚಿನ ಸಂದಿಗೆ ಕೂರಿಸಿ ಮುಚ್ಚಳ ಹಾಕಿದರೆ ಎಳೆದರೂ ಬರುವುದಿಲ್ಲ. ಕೂರಿಸಿದ ಮೇಲೆ ಜೋರಾಗಿ ಜಗ್ಗಿ ನೋಡಿ. ಸೀಟು ಹಿಂದೆ ಮುಂದೆ ಮಾಡಿ ನೋಡಿ, ಕೇಬಲ್ ಹಳಿಗೆ ಸಿಕ್ಕಿಕೊಳ್ಳಬಾರದು. ನಾನು ಮೊದಲ ಸಲ ಸೀಟಿನ ಕೆಳಗಿನ ವೈರಿಗೇ ಸುತ್ತಿದ್ದೆ, ಕಬ್ಬಿಣ ಅಂದುಕೊಂಡು. ನನ್ನವಳು ಮೊಬೈಲ್ ಬೆಳಕು ಹಿಡಿದು 'ಅದು ಸೀಟ್ ಬಿಸಿ ಮಾಡೋ ವೈರು ಕಣ್ರೀ' ಅಂದಾಗ ಗೊತ್ತಾಯಿತು.

ಕತ್ತರಿ ತಂದ ಕಳ್ಳನಿಗೆ ಈ ಕೇಬಲ್ ದೊಡ್ಡ ಅಡ್ಡಿಯಲ್ಲ. ಹಿಡಿಕೆ ಎಳೆದು ಓಡುವವನಿಗೆ ಸಾಕಷ್ಟು ಅಡ್ಡಿ. ಅವನಲ್ಲಿ ಸಮಯವೂ ಇಲ್ಲ, ಕತ್ತರಿಯೂ ಇಲ್ಲ. ಎಲೆಕ್ಟ್ರಾನಿಕ್ ಬೀಗಕ್ಕಿಂತ ಕೀಲಿಯದ್ದೋ ಅಂಕಿ ತಿರುಗಿಸುವುದೋ ನನಗೆ ಇಷ್ಟ. ಟೆಕ್ಸಸ್ ಬೇಸಿಗೆಯ ಕಾರಿನೊಳಗೆ ಬ್ಯಾಟರಿಯನ್ನು ನಾನು ನಂಬುವುದಿಲ್ಲ. ಕೀಲಿಯನ್ನು ಕಾರಿನಲ್ಲೇ ಬಿಡಬೇಡಿ ಅಂತ ಹೇಳಬೇಕಾ? ಹೇಳಬೇಕು, ಬಿಡುವವರನ್ನು ಕಂಡಿದ್ದೇನೆ.

ಪೆಟ್ಟಿಗೆಗೆ ಹಾಕುವುದನ್ನು ಹೊರಡುವ ಮೊದಲೇ, ಮನೆಯ ಗ್ಯಾರೇಜಿನಲ್ಲೇ ಮುಗಿಸಿ. ಊಟಕ್ಕೆ ಹೋದ ಹೋಟೆಲಿನ ಪಾರ್ಕಿಂಗ್‌ನಲ್ಲಿ ಇಳಿದು, ಅತ್ತಿತ್ತ ನೋಡಿ, ಡಿಕ್ಕಿ ತೆರೆದು, ಏನೋ ಇಟ್ಟು, ಮತ್ತೆ ಅತ್ತಿತ್ತ ನೋಡಿ ನಡೆದರೆ ನಾಟಕ ಮಾಡಿ ತೋರಿಸಿದ ಹಾಗೆ. ರೇಂಜಿಗೆ ಹೋದ ದಿನ ಅಲ್ಲಿಂದ ನೆಟ್ಟಗೆ ಮನೆಗೆ ಬನ್ನಿ. 'ದಾರಿಯಲ್ಲೇ ಇದೆ, ಇಡ್ಲಿ ತಿಂದು ಹೋಗೋಣ' ಅನ್ನುವುದು ಮತ್ತೊಂದು ದಿನಕ್ಕಿರಲಿ.

ಕಾನೂನೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಯಾರೂ ಇಲ್ಲದ ಕಾರಿನಲ್ಲಿ ಪಿಸ್ತೂಲು ಬಿಡುವುದಾದರೆ ಡಿಕ್ಕಿಗೆ ಹಾಕಿ ಬೀಗ ಹಾಕಬೇಕು, ಇಲ್ಲವೇ ಬೀಗದ ಪೆಟ್ಟಿಗೆಯಲ್ಲಿಟ್ಟು ಕಣ್ಣಿಗೆ ಬೀಳದ ಹಾಗೆ ಇಡಬೇಕು. ಕೊಲರಾಡೊದಲ್ಲಿ 2025ರ ಜನವರಿಯಿಂದ ಪಿಸ್ತೂಲು ಗಟ್ಟಿ ಪೆಟ್ಟಿಗೆಯಲ್ಲಿ, ಬೀಗದೊಳಗೆ, ಕಾಣದಂತೆ ಇರಬೇಕು, ಕಾರಿಗೂ ಬೀಗ ಬಿದ್ದಿರಬೇಕು. ಟೆಕ್ಸಸ್‌ನಲ್ಲಿ ಅಂಥ ನಿಯಮ ಇಲ್ಲ. ಆದರೆ ನಿಮ್ಮ ನಿರ್ಲಕ್ಷ್ಯದಿಂದ ಗುಂಡು ತುಂಬಿದ ಕೋವಿ 17 ವರ್ಷದೊಳಗಿನ ಮಗುವಿನ ಕೈಗೆ ಸಿಕ್ಕರೆ ಇಲ್ಲೂ ಅಪರಾಧವೇ. ಹಿಂದಿನ ಸೀಟಿನಲ್ಲಿ ಮಕ್ಕಳು ಕೂರುವ ಕಾರಿನಲ್ಲಿ ಕಳ್ಳನ ಚಿಂತೆ ಎರಡನೆಯದು. ರಾಜ್ಯದ ಗಡಿ ದಾಟಿ ಹೋಗುವಾಗ ಗುಂಡು ತೆಗೆದು, ಕೈಗೆ ಸಿಗದ ಹಾಗೆ ಡಿಕ್ಕಿಯಲ್ಲಿಡಿ. ಡಿಕ್ಕಿ ಬೇರೆಯಾಗಿಲ್ಲದ ಗಾಡಿಯಾದರೆ ಬೀಗದ ಪೆಟ್ಟಿಗೆ. ಡ್ರಾ, ಕನ್ಸೋಲ್ ಈ ಲೆಕ್ಕಕ್ಕೆ ಬರುವುದಿಲ್ಲ ಅಂತ 1986ರ ಕೇಂದ್ರ ಕಾನೂನೇ ಹೇಳುತ್ತದೆ.

ಇವತ್ತೇ ಮಾಡಬೇಕಾದ ಐದು ನಿಮಿಷದ ಕೆಲಸ

ಪೊಲೀಸ್ ಬಂದಾಗ ಅಜ್ಜನನ್ನು ಕೇಳಿದ ಮೊದಲ ಪ್ರಶ್ನೆ: ಸೀರಿಯಲ್ ನಂಬರ್ ಎಷ್ಟು? ಅಜ್ಜ ಕಣ್ಣು ಪಿಳಿಪಿಳಿ ಬಿಟ್ಟರು. ಪಿಸ್ತೂಲು ಕೊಂಡು ಹನ್ನೊಂದು ವರ್ಷವಾಗಿತ್ತು. ನಾವಿಬ್ಬರೂ ಗ್ಯಾರೇಜಿನಲ್ಲಿ ಕ್ರಿಸ್ಮಸ್ ದೀಪ, ಹಳೇ ಪೇಂಟ್ ಡಬ್ಬಿಗಳ ನಡುವೆ ಒಂದೂವರೆ ಗಂಟೆ ಹುಡುಕಿದೆವು. ಕೊನೆಗೆ ಮೀನು ಹಿಡಿಯುವ ಸಾಮಾನಿನ ಕೆಳಗೆ ಪಿಸ್ತೂಲಿನ ಮೂಲ ಪ್ಲಾಸ್ಟಿಕ್ ಡಬ್ಬಿ ಸಿಕ್ಕಿತು. ಅದರ ತುದಿಗೆ ಅಂಟಿಸಿದ ಬಿಳಿ ಚೀಟಿಯಲ್ಲಿ ನಂಬರ್ ಇತ್ತು. ಅಜ್ಜನಿಗೆ ಹೋದ ಜೀವ ಬಂದ ಹಾಗಾಯಿತು.

ಈ ನಂಬರ್ ಇದ್ದರೆ ಪೊಲೀಸರು ಅದನ್ನು ದೇಶವಿಡೀ ಪೊಲೀಸರು ನೋಡುವ ಎನ್‌ಸಿಐಸಿ ಕಡತಕ್ಕೆ ಹಾಕುತ್ತಾರೆ. ಮುಂದೆ ಎಲ್ಲೋ ಯಾರದೋ ಬಳಿ ಆ ಕೋವಿ ಸಿಕ್ಕಿದಾಗ, ಇದು ಕಳವಿನದ್ದು ಅಂತ ಗೊತ್ತಾಗುತ್ತದೆ. ನಂಬರ್ ಇಲ್ಲದಿದ್ದರೆ 'ಕಪ್ಪು ಬಣ್ಣದ ಪಿಸ್ತೂಲು' ಅಂತ ಬರೆದುಕೊಂಡು ಹೋಗುತ್ತಾರೆ, ಅಷ್ಟೇ.

ಹಾಗಾಗಿ ಕೋವಿಯಿಂದ ಗುಂಡು ತೆಗೆದು, ಖಾಲಿ ಇದೆಯೇ ಅಂತ ಎರಡು ಸಲ ನೋಡಿ, ನಂಬರ್ ಕಾಣುವಂತೆ ಫೋಟೊ ತೆಗೆಯಿರಿ. ಕಂಪನಿ, ಮಾದರಿ, ಗುಂಡಿನ ಅಳತೆ ಒಂದು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಇಡುವ ಕಡೆ ಇಡಿ. ಫೋಟೊವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ! ಈಗಾಗಲೇ ಕಳೆದುಕೊಂಡು ನಂಬರ್ ಇಲ್ಲದವರು ಕೊಂಡ ಅಂಗಡಿಗೆ ಹೋಗಿ. ನೀವು ಕೊಳ್ಳುವಾಗ ತುಂಬಿದ 4473 ಎಂಬ ನಮೂನೆ ಅಂಗಡಿಯ ದಾಖಲೆಯಲ್ಲಿರುತ್ತದೆ.

ಬೀಗಕ್ಕೆ ದುಡ್ಡಿಲ್ಲ ಅನ್ನುವ ಮಾತೂ ಇಲ್ಲ. ಕೋವಿ ಉದ್ಯಮದವರ ಸಂಘ 1999ರಿಂದ ಪೊಲೀಸ್ ಠಾಣೆಗಳ ಮೂಲಕ ಕೇಬಲ್ ಬೀಗಗಳನ್ನು ಪುಕ್ಕಟೆ ಹಂಚುತ್ತಿದೆ. ಅದು ಕೋವಿಯಿಂದ ಗುಂಡು ಹಾರದಂತೆ ತಡೆಯುವ ಬೀಗ, ಕಳವು ತಡೆಯುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಹೋಗಿ ತನ್ನಿ.

ಹೋಗೇ ಹೋಯಿತು ಅಂದರೆ

ಬೆಳಿಗ್ಗೆ ಕಾರಿನ ಬಾಗಿಲು ತೆರೆದಿದೆ, ಕಾಗದಗಳು ಸೀಟಿನ ಮೇಲೆ ಚೆಲ್ಲಿವೆ. ಒಳಗೆ ಕೈ ಹಾಕಿ ಹುಡುಕಬೇಡಿ. ಬೆರಳ ಗುರುತು ಇದ್ದೀತು. ಕಳ್ಳ ಇನ್ನೂ ಅಲ್ಲೇ ಇದ್ದರೆ ಹಿಂದೆ ಓಡಬೇಡಿ. ಈಗ ಅವನ ಕೈಯಲ್ಲಿ ನಿಮ್ಮದೇ ಕೋವಿ ಇದೆ. ಮನೆಯೊಳಗೆ ಬಂದು 911ಕ್ಕೆ ಫೋನ್ ಮಾಡಿ. ಹೋಗಿ ಬಹಳ ಹೊತ್ತಾಗಿದ್ದರೆ ತುರ್ತಲ್ಲದ ನಂಬರ್ ಸಾಕು. ಕೋವಿ ಹೋಗಿದೆ ಅಂತ ಮೊದಲ ವಾಕ್ಯದಲ್ಲೇ ಹೇಳಿ. 'ಕಾರಿನಿಂದ ಸಾಮಾನು ಹೋಗಿದೆ' ಅಂದರೆ ಸಾಲಿನಲ್ಲಿ ಹಿಂದೆ ಬೀಳುತ್ತೀರಿ.

ದೂರು ಕೊಡಲು ನಾಚಿಕೆ ಬೇಡ, ತಡವೂ ಬೇಡ. ನ್ಯೂಯಾರ್ಕ್‌ನಲ್ಲಿ 24 ಗಂಟೆ, ವರ್ಜೀನಿಯಾದಲ್ಲಿ 48 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ 5 ದಿನದೊಳಗೆ ತಿಳಿಸಲೇಬೇಕು ಅಂತ ಕಾನೂನಿದೆ. ಟೆಕ್ಸಸ್‌ನಲ್ಲಿ ಅಂಥ ಗಡುವು ಇಲ್ಲ. ಆದರೂ ಅದೇ ದಿನ ಕೊಡಿ. ನಿಮ್ಮ ಹೆಸರಿನಲ್ಲಿ ಕೊಂಡ ಕೋವಿ ನಾಳೆ ಯಾವುದೋ ಅಪರಾಧದಲ್ಲಿ ಸಿಕ್ಕಿದರೆ, ಪೊಲೀಸರು ಮೊದಲು ತಟ್ಟುವುದು ನಿಮ್ಮ ಬಾಗಿಲನ್ನೇ. ಎಟಿಎಫ್‌ಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಅವರು ಅಂಗಡಿಯವರ ಕಳವಿನ ದೂರು ತಗೊಳ್ಳುತ್ತಾರೆ, ನಮ್ಮ ನಿಮ್ಮದು ಸ್ಥಳೀಯ ಪೊಲೀಸರಿಗೇ ಹೋಗಬೇಕು. ಕೇಸ್ ನಂಬರ್ ಬರೆದುಕೊಳ್ಳಿ.

ವಿಮೆಯಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಒಡೆದ ಗಾಜು ಕಾರಿನ ವಿಮೆಗೆ ಸೇರುತ್ತದೆ. ಒಳಗಿದ್ದ ವಸ್ತು ಮನೆಯ ಅಥವಾ ಬಾಡಿಗೆದಾರರ ವಿಮೆಗೆ. ಅದರಲ್ಲೂ ಕೋವಿ ಕಳವಿಗೆ ಪ್ರತ್ಯೇಕ ಮಿತಿ ಇರುತ್ತದೆ, ಮನೆ ವಿಮೆಗಳಲ್ಲಿ 2,500 ಡಾಲರ್ ಸಾಮಾನ್ಯ. ನೀವೇ ಹೊರಬೇಕಾದ ಮೊದಲ ಸಾವಿರ ಡಾಲರ್ ಕಳೆದರೆ ಐನೂರರ ಪಿಸ್ತೂಲಿಗೆ ಏನೂ ಬರುವುದಿಲ್ಲ.

ಕಳವಾದ ಕೋವಿ ಎಷ್ಟು ಬೇಗ ಇನ್ನೊಬ್ಬರ ಮನೆ ಮುರಿಯಬಹುದು ಅನ್ನುವುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಸಾಕ್ಷಿ. 2015ರ ಜೂನ್ 27ರಂದು ಅಲ್ಲಿ ಕೇಂದ್ರ ಸರ್ಕಾರದ ಒಬ್ಬ ರೇಂಜರ್ ನಿಲ್ಲಿಸಿದ್ದ ಕಾರಿನಿಂದ ಅವರ ಪಿಸ್ತೂಲು ಹೋಯಿತು. ಜುಲೈ 1ರಂದು, ನಾಲ್ಕೇ ದಿನಕ್ಕೆ, ಅದೇ ಪಿಸ್ತೂಲಿನ ಗುಂಡು ತಾಗಿ ತಂದೆಯ ಜೊತೆ ಸಮುದ್ರದ ಕಟ್ಟೆಯ ಮೇಲೆ ನಡೆಯುತ್ತಿದ್ದ ಯುವತಿಯೊಬ್ಬಳು ಸತ್ತಳು. ಆ ಪಿಸ್ತೂಲು ತರಬೇತಿ ಪಡೆದ ಅಧಿಕಾರಿಯದ್ದು. ಕಾರಿನಲ್ಲಿ ಬಿಟ್ಟ ತಪ್ಪು ನಮ್ಮ ನಿಮ್ಮದರ ಹಾಗೇ.

ಗುಂಪಿಗೆ ಏನು ಬರೆಯಬೇಕು

ನಾನು ಕಳಿಸಿದ್ದನ್ನು ಇಲ್ಲಿ ಕೊಡುತ್ತೇನೆ. ಬೇಕಾದರೆ ಊರು ಬದಲಿಸಿ ನಿಮ್ಮ ಗುಂಪಿಗೂ ಹಾಕಿಕೊಳ್ಳಿ.

'ಎಲ್ಲರಿಗೂ ನಮಸ್ಕಾರ. ಗ್ಯಾಂಗಿನ ಸಂದೇಶದಲ್ಲಿರುವ ಫೋಟೊ ನಮ್ಮ ಬೀದಿಯದ್ದು. ಪೊಲೀಸರನ್ನು ಕೇಳಿದೆ, ಅವರು ಅಂಥ ಎಚ್ಚರಿಕೆ ಕೊಟ್ಟಿಲ್ಲ. ನಡೆದದ್ದು ಇಷ್ಟು: ಬೀಗ ಹಾಕದ ಒಂದು ಟ್ರಕ್ಕಿನಿಂದ ಒಂದು ಪಿಸ್ತೂಲು ಹೋಗಿದೆ, ದೂರು ದಾಖಲಾಗಿದೆ. ಇವತ್ತು ರಾತ್ರಿ ಕಾರಿಗೆ ಬೀಗ ಹಾಕಿ. ಕೋವಿ, ಲ್ಯಾಪ್‌ಟಾಪ್, ಗ್ಯಾರೇಜ್ ರಿಮೋಟ್ ಒಳಗೆ ತನ್ನಿ. ಹಳೇ ಸಂದೇಶ ಮುಂದೆ ಕಳಿಸಬೇಡಿ.'

'ಸುಳ್ಳು' ಅಂತ ಒಂದೇ ಪದ ಬರೆದು ಸುಮ್ಮನಾಗಬೇಡಿ. ಏನು ನಡೆಯಿತು, ಏನು ಮಾಡಬೇಕು ಎರಡನ್ನೂ ಹೇಳಿ. ಆಗ ಜನರಿಗೆ ಮುಂದೆ ಕಳಿಸಲು ಬೇರೇನಾದರೂ ಸಿಗುತ್ತದೆ. ಫೋಟೊ ಹಾಕುವಾಗ ಊರು, ದಿನಾಂಕವನ್ನು ಫೋಟೊದ ಮೇಲೇ ಬರೆದುಬಿಡಿ. ನಾನು ಬರೆದಿರಲಿಲ್ಲ, ಅದಕ್ಕೇ ಅದು ನ್ಯೂಜೆರ್ಸಿ ನೋಡಿಕೊಂಡು ಬಂತು.

ಫ್ಲಾರಿಡಾದ ಪಾಸ್ಕೊ ಕೌಂಟಿಯ ಶೆರಿಫ್ ಕಚೇರಿಯವರು ರಾತ್ರಿ 9 ಗಂಟೆಯ ವಾಡಿಕೆ ಅಂತ ಒಂದು ಶುರುಮಾಡಿದರು. ಪ್ರತಿ ರಾತ್ರಿ 9ಕ್ಕೆ ಕಾರಿನಿಂದ ಬೆಲೆಬಾಳುವುದನ್ನು ಒಳಗೆ ತರುವುದು, ಬೀಗ ಹಾಕುವುದು, ಹೊರಗಿನ ದೀಪ ಹಾಕುವುದು. ಅಷ್ಟೇ. ಆಮೇಲೆ ದೇಶದ ಎಷ್ಟೋ ಪೊಲೀಸ್ ಇಲಾಖೆಗಳು ಅದನ್ನು ಎತ್ತಿಕೊಂಡವು. ನಾನೂ ಅಜ್ಜನಿಗೆ ಅವರ ಫೋನಿನಲ್ಲಿ 9 ಗಂಟೆಗೆ ಅಲಾರಂ ಇಟ್ಟುಕೊಟ್ಟೆ. ಪಿಸ್ತೂಲು ಇನ್ನೂ ಸಿಕ್ಕಿಲ್ಲ. ರಾತ್ರಿ ನಾವು ಊಟಕ್ಕೆ ಕೂತಾಗ ಪಕ್ಕದ ಮನೆಯಿಂದ ಮೊದಲು ಅಲಾರಂ ಸದ್ದು, ಅದರ ಹಿಂದೆಯೇ ಟ್ರಕ್ಕಿನ ಬೀಗ ಬಿದ್ದ ಪೀಂ ಪೀಂ ಕೇಳುತ್ತದೆ. ಆಗ ನನ್ನವಳು ನನ್ನ ಮುಖ ನೋಡುತ್ತಾಳೆ. ನಾನೂ ಎದ್ದು ಹೋಗಿ ನಮ್ಮ ಕಾರಿನ ಹಿಡಿಕೆ ಒಂದು ಸಲ ಎಳೆದು ನೋಡಿ ಬರುತ್ತೇನೆ.